ಕಲ್ಲಿನ ನಾಡಲ್ಲಿ ಇಟ್ಟಿಗೆ ಮನೆ

ಕ್ಯಾಮೆರಾ ಅಲ್ಲಾಡುತ್ತಿದೆ ಅಂತ ಬೈಯಬೇಡಿ, ಇಲ್ಲಿನ ಗಾಳಿಯೇ ಹಾಗೆ. ಇದು ಉತ್ತರ ವೇಲ್ಸ್, ಕ್ಲುಯಿಡ್ ಕಣಿವೆ. ಟ್ರೆಮೆರ್ಖಿಯನ್ ಅಂತ ಹಳ್ಳಿ. ಮರಗಳ ಹಿಂದೆ ಕೆಂಪಗೆ ಕಾಣುತ್ತಿದೆಯಲ್ಲ, ಅದೇ ಬಾಖೆಗ್ರೈಗ್. ಈಗ ರೈತರ ಮನೆ. ಜನ ವಾಸ ಇದ್ದಾರೆ, ಹಾಗಾಗಿ ಹೊರಗಿಂದಲೇ ನೋಡೋಣ.

ಜೂಮ್ ಮಾಡುತ್ತೇನೆ, ಇರಿ. ಇಟ್ಟಿಗೆ ನೋಡಿ, ಈಗಿನದಕ್ಕಿಂತ ತೆಳು. ಒಂದರ ಬಣ್ಣ ಇನ್ನೊಂದಕ್ಕಿಲ್ಲ. ಕೈಯಲ್ಲಿ ಅಚ್ಚು ಹಾಕಿ ಗೂಡಿನಲ್ಲಿ ಸುಟ್ಟರೆ ಹಾಗೇ ಆಗುವುದು. ಬೆಂಕಿಗೆ ಹತ್ತಿರ ಇದ್ದದ್ದು ಕಪ್ಪಾಗುತ್ತದೆ, ದೂರ ಇದ್ದದ್ದು ಕಿತ್ತಳೆ ಬಣ್ಣದಲ್ಲೇ ಉಳಿಯುತ್ತದೆ. ನಡುವೆ ಸುಣ್ಣದ ಗಾರೆ.

"ಇಟ್ಟಿಗೆ ಗೋಡೆ ನೋಡೋಕೆ ಅಲ್ಲೀ ತನಕ ಹೋದ್ಯಾ?" ಅಂತ ಅಮ್ಮ ಫೋನಲ್ಲಿ ಕೇಳಿದರು. ಸರಿಯಾದ ಪ್ರಶ್ನೆಯೇ. ಆದರೆ ಈ ನಾಡಲ್ಲಿ ಮನೆ ಅಂದರೆ ಕಲ್ಲು, ಇಲ್ಲವೇ ಮರದ ಚೌಕಟ್ಟು. 1567ರಲ್ಲಿ ರಿಚರ್ಡ್ ಕ್ಲಫ್ ಅನ್ನುವ ವ್ಯಾಪಾರಿ ಇಲ್ಲಿ ಇಟ್ಟಿಗೆ ಮನೆ ಎಬ್ಬಿಸಿದಾಗ, ವೇಲ್ಸ್‌ನಲ್ಲಿ ಅಂಥದ್ದು ಅದೇ ಮೊದಲು ಅನ್ನುತ್ತಾರೆ.

ಮೊದಲು ಟ್ಯಾಕ್ಸಿ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆ ಉರಿ ಕಡಿಮೆ ಆಗುವುದಿಲ್ಲ. ರಿಲ್ ಸ್ಟೇಷನ್‌ನಲ್ಲಿ ಇಳಿದೆ. ನಾನು ನಂಬಿದ ಬಸ್ಸು ಬರಲೇ ಇಲ್ಲ. ಟ್ಯಾಕ್ಸಿ ಹತ್ತಿದರೆ 28 ಪೌಂಡ್! ನಮ್ಮ ದುಡ್ಡಲ್ಲಿ ಲೆಕ್ಕ ಹಾಕಬಾರದು ಅಂತ ಎಲ್ಲರೂ ಹೇಳುತ್ತಾರೆ. ನಾನು ಹಾಕಿದೆ. ಮೂರು ಸಾವಿರ ದಾಟಿತು. ಅಷ್ಟಕ್ಕೂ ಅವರು ನನ್ನನ್ನು ಇಳಿಸಿದ್ದು ತಪ್ಪು ದಾರಿಯ ತುದಿಯಲ್ಲಿ. "ಇಲ್ಲೇ ಪಕ್ಕ" ಅಂದರು. ಪಕ್ಕ ಅಂದರೆ ಅರ್ಧ ಗಂಟೆ ಕೆಸರು. ಶೂ ತೋರಿಸಲೇ? ಬೇಡ ಬಿಡಿ, ಊಟ ಮಾಡುತ್ತಾ ನೋಡುವವರೂ ಇರುತ್ತೀರಿ. ಚಿಲ್ಲರೆ ಇಲ್ಲ ಅಂತ 30 ತೆಗೆದುಕೊಂಡರು. ಆ ಎರಡು ಪೌಂಡ್ ಇದೆಯಲ್ಲ, ಅದು ಇನ್ನೂ ಚುಚ್ಚುತ್ತಿದೆ.

ಎಲ್ಲಿದ್ದೆ? ಕ್ಲಫ್. ಡೆನ್‌ಬಿ ಊರಿನವನು. ಈಗಿನ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಥಾಮಸ್ ಗ್ರೆಷಮ್ ಅನ್ನುವ ದೊಡ್ಡ ವ್ಯಾಪಾರಿಯ ಏಜೆಂಟ್ ಆಗಿದ್ದ. ಲಂಡನ್‌ನಲ್ಲಿ ವ್ಯಾಪಾರಿಗಳು ಸೇರುವ ರಾಯಲ್ ಎಕ್ಸ್‌ಚೇಂಜ್ ಕಟ್ಟಿಸಿದ ಗ್ರೆಷಮ್ ಅವನೇ. ಆಂಟ್‌ವರ್ಪ್‌ನಲ್ಲಿ ಕಂಡ ಮನೆಗಳ ಮೇಲೆ ಕ್ಲಫ್‌ಗೆ ಆಸೆ ಹುಟ್ಟಿತು. ಆ ಕಡೆಯ ಕೆಲಸಗಾರರನ್ನೇ ಕರೆಸಿದ. ತುದಿಯ ಪುಟ್ಟ ಗುಮ್ಮಟವೂ ಸೇರಿ ಆರು ಅಂತಸ್ತು, ಎರಡನೆಯ ಅಂತಸ್ತಿನಿಂದ ಮೇಲೆ ಪಿರಮಿಡ್ ಹಾಗೆ ಸಣ್ಣದಾಗುತ್ತಾ ಹೋಗುವ ಚಾವಣಿ. ಸುಮ್ನೆ ಯೋಚಿಸಿ, ಹೊಲದ ನಡುವೆ ಅಂಥದ್ದು ಎದ್ದು ನಿಂತರೆ ಊರವರು ಏನನ್ನಬೇಕು? ಸೈತಾನನೇ ರಾತ್ರಿ ಇಟ್ಟಿಗೆ ಸುಟ್ಟು ಕೊಟ್ಟ ಅಂದರು! ಕ್ಲಫ್ ಮೇಲಿನ ಕೋಣೆಯಲ್ಲಿ ನಕ್ಷತ್ರ ನೋಡುತ್ತಾ ಸೈತಾನನ ಜೊತೆ ಮಾತಾಡುತ್ತಿದ್ದ, ಹೆಂಡತಿ ಇಣುಕಿದ್ದೇ ತಡ, ಸೈತಾನ ಕ್ಲಫ್‌ನನ್ನು ಎತ್ತಿಕೊಂಡು ಗೋಡೆ ಒಡೆದು ಹಾರಿದ ಅಂತಲೂ ಕತೆ ಇದೆ.

ಸೈತಾನನಿಗಿಂತ ಆ ಹೆಂಡತಿಯೇ ನನಗೆ ಇಷ್ಟ. ಬೆರೇನ್‌ನ ಕ್ಯಾಥರಿನ್. ಮೊದಲ ಗಂಡನ ಶವ ಹೂಳಲು ಚರ್ಚಿಗೆ ಹೋಗುವಾಗಲೇ ಕ್ಲಫ್ ಮದುವೆ ಪ್ರಸ್ತಾಪ ಇಟ್ಟನಂತೆ. ಈಕೆ ಒಪ್ಪಿದಳಂತೆ. ಹೊರಗೆ ಬರುವಾಗ ಮಾರಿಸ್ ವಿನ್ ಅನ್ನುವವನೂ ಮದುವೆಗೆ ಕೇಳಿದ. "ಕ್ಲಫ್‌ಗೆ ಮಾತು ಕೊಟ್ಟಾಯಿತು, ಅವನೂ ಹೋದರೆ ನೀನು" ಅಂದಳಂತೆ. ಕತೆ ಎಷ್ಟು ನಿಜವೋ, ಆದರೆ ಮೂರನೆಯ ಗಂಡ ಅವನೇ. ನಾಲ್ಕನೆಯವನೂ ಒಬ್ಬನಿದ್ದ. ಅವಳ ವಂಶ ಎಷ್ಟು ಹಬ್ಬಿತೆಂದರೆ 'ವೇಲ್ಸ್‌ನ ತಾಯಿ' ಅನ್ನುತ್ತಾರೆ.

ಪಾಪ ಕ್ಲಫ್, ಇಷ್ಟು ಮಾಡಿ ಇಲ್ಲಿ ಬಾಳಿದ್ದೇ ಕಡಿಮೆ. ಮತ್ತೆ ಆಂಟ್‌ವರ್ಪ್‌ಗೆ ಹೋದ, 1570ರಲ್ಲಿ ಹ್ಯಾಂಬರ್ಗ್‌ನಲ್ಲಿ ಸತ್ತ.

1774ರಲ್ಲಿ ಇಂಗ್ಲಿಷ್ ನಿಘಂಟು ಬರೆದ ಡಾಕ್ಟರ್ ಜಾನ್ಸನ್ ಇಲ್ಲಿಗೆ ಬಂದಿದ್ದರು. ಮನೆ ಆಗ ಅವರ ಸ್ನೇಹಿತೆ ಹೆಸ್ಟರ್ ಥ್ರೇಲ್ ಅವರದು, ಕ್ಯಾಥರಿನ್ ವಂಶದವರು. ಜಾನ್ಸನ್ ಡೈರಿಯಲ್ಲಿ ಬರೆದದ್ದು ಇಷ್ಟು: ವಿಚಿತ್ರ ಆಕಾರ, ಅನುಕೂಲ ಇಲ್ಲ, ಕಿಟಕಿ ಮುಚ್ಚಿವೆ, ನೆಲದ ಹಲಗೆ ಕಳವಾಗಿದೆ. ಓದಿದಾಗ ಎಂಥ ಒಣ ಮನುಷ್ಯ ಅನ್ನಿಸಿತ್ತು. ಈಗ ಇಲ್ಲಿ ನಿಂತರೆ ಪಾಪ ಅವರೂ ಸರಿ ಅನ್ನಿಸುತ್ತಿದೆ. ಈ ಚಳಿಗೆ ಆ ಎತ್ತರದ ಮನೆ ಬೆಚ್ಚಗಿಡಲು ಎಷ್ಟು ಸೌದೆ ಬೇಕಿತ್ತು!

ಅಂದಹಾಗೆ ನೀವು ಈಗ ನೋಡುತ್ತಿರುವುದು ಆ ಮನೆ ಅಲ್ಲ. ಅದನ್ನು 19ನೇ ಶತಮಾನದ ಮೊದಲ ಭಾಗದಲ್ಲೇ ಕೆಡವಿದರು. ಇದು ಅದರ ಮುಂದಿದ್ದ ಹೆಬ್ಬಾಗಿಲಿನ ಕಟ್ಟಡ. ದೊಡ್ಡ ಮನೆ ಹೋಯಿತು, ಬಾಗಿಲು ಕಾಯುವ ಭಾಗ ಮನೆಯಾಯಿತು. ನನಗೇನೋ ಇದೇ ಚೆಂದ. ಇಲ್ಲ ಇಲ್ಲ, ಆ ಆರು ಅಂತಸ್ತು ಒಮ್ಮೆ ಕಣ್ಣಾರೆ ನೋಡಬೇಕಿತ್ತು, ಸುಳ್ಳು ಯಾಕೆ ಹೇಳಲಿ.

ಕ್ಲಫ್ 1567ರಲ್ಲೇ ಡೆನ್‌ಬಿ ಹತ್ತಿರ ಪ್ಲಾಸ್ ಕ್ಲಫ್ ಅಂತ ಇನ್ನೊಂದು ಮನೆ ಕಟ್ಟಿಸಿದ. ಅದು ಉಳಿದಿದೆ. ಚಾವಣಿಯ ತುದಿಗೋಡೆ ಮೆಟ್ಟಿಲು ಮೆಟ್ಟಿಲಾಗಿದೆ. ಮುಂದೆ ಕಾನ್ವಿ ಊರಿನ ಪ್ಲಾಸ್ ಮೌರ್ ಅನ್ನುವ ಮನೆಯಲ್ಲೂ ಅದೇ ಮೆಟ್ಟಿಲು ಗೋಡೆ ಬಂತು. ಬ್ಯಾಟರಿ ಕೆಂಪು ತೋರಿಸುತ್ತಿದೆ, ಬೆಳಕಿರುವಾಗಲೇ ಡೆನ್‌ಬಿ ಕಡೆ ಹೊರಟೆ. ಬನ್ನಿ, ಬನ್ನಿ.