ಗಾಜಿನಮನೆಗೆ ಟೊಮೆಟೊ ಸಸಿ: ಹಗಲಿನ ಕಾವಲ್ಲ, ಇರುಳಿನ ಚಳಿ ಮುಖ್ಯ

ಕೇಳುಗರೆಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ ನೆಲೆಸಿ ಮನೆಯ ಹಿತ್ತಲಿನಲ್ಲಿ ಟೊಮೆಟೊ ಬೆಳೆಯುವ ಕನ್ನಡಿಗರಿಗೆ ಏಪ್ರಿಲ್ ತಿಂಗಳು ತಾಳ್ಮೆಯ ತಿಂಗಳು. ಮಾರ್ಚ್ ಮೊದಲರ್ಧದಲ್ಲಿ ಬಿತ್ತಿದ ಬೀಜಗಳು ಕಿಟಕಿಯ ಕಟ್ಟೆಯ ಮೇಲೆ ಈಗ ಗೇಣುದ್ದದ ಸಸಿಗಳಾಗಿ ನಿಂತಿರುತ್ತವೆ. ಬೆಳಕು ಒಂದೇ ಕಡೆಯಿಂದ ಬರುವುದರಿಂದ ಕಾಂಡ ಗಾಜಿನತ್ತ ವಾಲಿ, ಗೆಣ್ಣುಗಳ ನಡುವಿನ ಅಂತರ ಹೆಚ್ಚಿ, ಸಸಿ ಸೊರಗಿದಂತೆ ಕಾಣತೊಡಗುತ್ತದೆ. ಹೊರಗೆ ಆರು ಅಡಿ ಅಗಲ, ಎಂಟು ಅಡಿ ಉದ್ದದ ಗಾಜಿನಮನೆ ಖಾಲಿ ಇದೆ. ಬಿಸಿಲೇರಿದ ಮಧ್ಯಾಹ್ನ ಅದರ ಬಾಗಿಲು ತೆರೆದರೆ ನಮ್ಮ ಬಯಲುಸೀಮೆಯ ಬೇಸಿಗೆಯ ಕಾವೇ ಮುಖಕ್ಕೆ ಬಡಿಯುತ್ತದೆ. ಇನ್ನೇಕೆ ತಡ ಎಂದು ಸಸಿಗಳನ್ನು ಅಂದೇ ಅಲ್ಲಿಗೆ ಸಾಗಿಸುವ ಮನಸ್ಸಾಗುವುದು ಸಹಜ. ಆದರೆ ಶಾಖದ ಏರ್ಪಾಡಿಲ್ಲದ ಗಾಜಿನಮನೆಗೆ ಸಸಿಯನ್ನು ಯಾವಾಗ ಒಯ್ಯಬೇಕೆಂಬುದನ್ನು ತೀರ್ಮಾನಿಸಬೇಕಾದದ್ದು ಆ ಮಧ್ಯಾಹ್ನದ ಕಾವಲ್ಲ, ಬೆಳಗಿನ ಜಾವದ ಚಳಿ.

ಕೋಲಾರ, ಚಿಂತಾಮಣಿಯ ಕಡೆ ರೈತರು ಸುಮಾರು 25ರಿಂದ 30 ದಿನದ ಸಸಿಯನ್ನು ಟ್ರೇಯಿಂದ ತೆಗೆದು ನೇರವಾಗಿ ಹೊಲಕ್ಕೆ ನಾಟಿ ಮಾಡುತ್ತಾರೆ. ಅಲ್ಲಿ ಎಳೆಯ ಸಸಿಗೆ ಅಂಜಿಕೆ ಬಿರುಬಿಸಿಲಿನದು, ಬಿಳಿನೊಣ ಹೊತ್ತು ತರುವ ಎಲೆಮುದುಡು ರೋಗದ್ದು. ಆದ್ದರಿಂದ ಊರಿನಲ್ಲಿ ಬೇಸಾಯ ಕಂಡು ಬಂದವರಿಗೂ ಇಲ್ಲಿಯ ಲೆಕ್ಕ ಹೊಸದೇ. ಟೊಮೆಟೊ ಗಿಡದ ಬೆಳವಣಿಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಹುಮಟ್ಟಿಗೆ ನಿಂತುಹೋಗುತ್ತದೆ; ಸೊನ್ನೆಗಿಂತ ಕೆಳಗಿಳಿದರೆ ಎಲೆಯೊಳಗಿನ ನೀರು ಹೆಪ್ಪುಗಟ್ಟಿ, ಮರುದಿನ ಬಿಸಿಲು ಬೀಳುವ ಹೊತ್ತಿಗೆ ಸಸಿ ಕಪ್ಪಾಗಿ ಜೋತುಬಿದ್ದಿರುತ್ತದೆ. ಹೀಗೆ ಸತ್ತದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಈ ಎರಡು ಮಟ್ಟಗಳ ನಡುವೆ, ನಾಲ್ಕೈದು ಡಿಗ್ರಿಯ ರಾತ್ರಿಗಳಲ್ಲಿ ಆಗುವ ನಷ್ಟ ಮಾತ್ರ ಅಷ್ಟು ಬೇಗ ತಿಳಿಯುವುದಿಲ್ಲ. ಅಂಥ ಸಸಿಯ ಎಲೆಯೊಂದನ್ನು ಮೆಲ್ಲನೆ ಮಗುಚಿ ನೋಡಿ: ನರಗಳ ಉದ್ದಕ್ಕೂ ನೇರಳೆ ಬಣ್ಣ ಹರಡಿರುತ್ತದೆ, ತುದಿಯ ಎಳೆ ಎಲೆಗಳು ಬಿಗಿದುಕೊಂಡು ಗಡುಸಾಗಿರುತ್ತವೆ. ಮಣ್ಣು ತಣ್ಣಗಿರುವಾಗ ಬೇರು ರಂಜಕವನ್ನು ಸರಿಯಾಗಿ ಹೀರಿಕೊಳ್ಳಲಾರದೆ ಹೀಗಾಗುತ್ತದೆ. ಮಣ್ಣಿನಲ್ಲಿ ರಂಜಕ ಇದ್ದೂ ಬೇರಿಗೆ ದಕ್ಕದಿರುವಾಗ ಮೇಲಿಂದ ಮೇಲೆ ಗೊಬ್ಬರ ಸುರಿಯುವುದು ವ್ಯರ್ಥ. ಮಣ್ಣು ಬೆಚ್ಚಗಾದರೆ ಹೊಸ ಎಲೆಗಳು ತಾವಾಗಿಯೇ ಹಸಿರಾಗಿ ಬರುತ್ತವೆ. ಹತ್ತು ದಿನ ಮುಂಚೆ ಒಯ್ದು ಚಳಿಗೆ ಸಿಕ್ಕಿಸಿದ ಸಸಿಗಿಂತ, ಮನೆಯೊಳಗೆ ಕಾದಿದ್ದು ಬೆಚ್ಚನೆಯ ಮಣ್ಣಿಗೆ ಹೋದ ಸಸಿಯೇ ಮುಂದಾಗುವುದು ಈ ಕಾರಣದಿಂದ.

ಗಾಜಿನ ಗೋಡೆ ರಾತ್ರಿಯೂ ಕಾಪಾಡುತ್ತದೆ ಎಂಬ ನಂಬಿಕೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ಹಗಲು ಬಿಸಿಲಿನಿಂದ ಕಾದ ನೆಲ, ಗಾಜು, ಚೌಕಟ್ಟು ಎಲ್ಲವೂ ಸಂಜೆಯಿಂದ ಆ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತವೆ. ಮೋಡ ಕವಿದ ರಾತ್ರಿಯಲ್ಲಿ ಅದರಲ್ಲಿ ಒಂದು ಪಾಲು ಹಿಂದಿರುಗುತ್ತದೆ. ಗಾಳಿಯಿಲ್ಲದ, ನಕ್ಷತ್ರಗಳು ಸ್ಪಷ್ಟವಾಗಿ ಕಾಣುವ ರಾತ್ರಿಯಲ್ಲಿ ಎಲ್ಲವೂ ಹೊರಟುಹೋಗುತ್ತದೆ. ಅಂಥ ರಾತ್ರಿ ಕಳೆಯುವ ಹೊತ್ತಿಗೆ ಸಣ್ಣ ಗಾಜಿನಮನೆಯ ಒಳಗಿನ ಗಾಳಿ ಹೊರಗಿನದಕ್ಕಿಂತ ಎರಡು ಮೂರು ಡಿಗ್ರಿ ಬೆಚ್ಚಗಿದ್ದರೆ ಅದೇ ಹೆಚ್ಚು. ಪಾಲಿಥೀನ್ ಹೊದಿಸಿದ ಸುರಂಗದಂಥ ಮನೆಗಳಲ್ಲಿ ಅಷ್ಟೂ ಇರುವುದಿಲ್ಲ, ಏಕೆಂದರೆ ನೆಲದಿಂದ ಹೊಮ್ಮುವ ಶಾಖದ ಕಿರಣಗಳನ್ನು ಗಾಜು ತಡೆಯುವಷ್ಟು ಸಾಮಾನ್ಯ ಪಾಲಿಥೀನ್ ತಡೆಯುವುದಿಲ್ಲ.

ಹಾಗಾಗಿ ಮೊದಲು ಕೊಳ್ಳಬೇಕಾದದ್ದು ಸಸಿಯಲ್ಲ, ಗರಿಷ್ಠ ಮತ್ತು ಕನಿಷ್ಠ ಉಷ್ಣತೆ ಎರಡನ್ನೂ ಗುರುತಿಟ್ಟುಕೊಳ್ಳುವ ಮಾಪಕ. ಇದನ್ನು ಮೊದಲು ರೂಪಿಸಿದವನು ಇಂಗ್ಲೆಂಡಿನ ಕ್ಯಾಂಟರ್‌ಬರಿಯ ಜೇಮ್ಸ್ ಸಿಕ್ಸ್, 1780ರ ಸುಮಾರಿಗೆ. ಇಂದು ತೋಟಗಾರಿಕೆಯ ಅಂಗಡಿಗಳಲ್ಲಿ ಇದು ಅಗ್ಗವಾಗಿ ಸಿಗುತ್ತದೆ. ಸಸಿಯ ಎತ್ತರಕ್ಕೆ, ನೇರ ಬಿಸಿಲು ತಾಗದ ಕಡೆ ಅದನ್ನು ತೂಗುಹಾಕಿ, ಪ್ರತಿದಿನ ಬೆಳಿಗ್ಗೆ ಹಿಂದಿನ ರಾತ್ರಿಯ ಕನಿಷ್ಠವನ್ನು ಬರೆದಿಡಬೇಕು. ಒಂದು ವಾರ ಪೂರ್ತಿ ಕನಿಷ್ಠ ಉಷ್ಣತೆ 10 ಡಿಗ್ರಿಯ ಆಸುಪಾಸಿನಲ್ಲೇ ನಿಂತರೆ ಸಸಿಯನ್ನು ಒಯ್ಯಬಹುದು. ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ಇದು ಸಾಮಾನ್ಯವಾಗಿ ಏಪ್ರಿಲ್ ಕೊನೆಯಿಂದ ಮೇ ನಡುಭಾಗದೊಳಗೆ ಒದಗುತ್ತದೆ. ಉತ್ತರದಲ್ಲಿ ಮತ್ತು ಸ್ಕಾಟ್ಲೆಂಡಿನಲ್ಲಿ ಮೇ ಕೊನೆಯವರೆಗೂ ಕಾಯಬೇಕಾಗುತ್ತದೆ. ಪಕ್ಕದ ಮನೆಯವರು ನೆಟ್ಟರೆಂದು ನಾವೂ ನೆಡಬೇಕಾಗಿಲ್ಲ, ಅವರ ಹಿತ್ತಲು ಇಳಿಜಾರಿನ ಮೇಲಿದ್ದು ನಮ್ಮದು ತಣ್ಣನೆಯ ಗಾಳಿ ಬಂದು ತಂಗುವ ತಗ್ಗಿನಲ್ಲಿರಬಹುದು.

ಈ ಕಾಯುವ ದಿನಗಳಲ್ಲಿ ಸಸಿಯನ್ನು ಹೊಸ ಜಾಗಕ್ಕೆ ಒಗ್ಗಿಸುವ ಕೆಲಸ ಸಾಗಲಿ. ಬೆಳಿಗ್ಗೆ ಗಾಜಿನಮನೆ ಬೆಚ್ಚಗಾದ ಮೇಲೆ ಕುಂಡಗಳನ್ನು ಒಯ್ದು, ಸಂಜೆ ಮನೆಯೊಳಗೆ ತರುವುದನ್ನು ಒಂದು ವಾರದಿಂದ ಹತ್ತು ದಿನ ನಡೆಸಬೇಕು. ಮೊದಲ ಎರಡು ದಿನ ನೆರಳು ಕಡ್ಡಾಯ. ಕೋಣೆಯ ಮಂದ ಬೆಳಕಿನಲ್ಲಿ ಬೆಳೆದ ಎಲೆಯನ್ನು ಒಮ್ಮೆಲೇ ಪೂರ್ತಿ ಬಿಸಿಲಿಗೆ ಒಡ್ಡಿದರೆ ಅಲ್ಲಲ್ಲಿ ಬಿಳಿಚಿ, ಹಳೆಯ ಕಾಗದದಂತೆ ಒಣಗುತ್ತದೆ. ಅದೇ ಗಾಜಿನಮನೆ ಹಗಲಿನಲ್ಲಿ ಅತಿಯಾಗಿ ಕಾಯುವುದೂ ಉಂಟು. ಒಳಗಿನ ಉಷ್ಣತೆ 25 ಡಿಗ್ರಿ ದಾಟುವ ಮೊದಲೇ ಛಾವಣಿಯ ಕಿಟಕಿ ತೆರೆದು, ಸಂಜೆ ನಾಲ್ಕರ ಹೊತ್ತಿಗೆ, ಇನ್ನೂ ಬಿಸಿಲಿರುವಾಗಲೇ, ಎಲ್ಲವನ್ನೂ ಮುಚ್ಚಿ ಆ ಕಾವನ್ನು ಒಳಗೇ ಉಳಿಸಿಕೊಳ್ಳಬೇಕು. ಹಗಲು ಕೆಲಸಕ್ಕೆ ಹೋಗುವವರಿಗೆ ಮೇಣ ತುಂಬಿದ ಕೊಳವೆಯ ಸಾಧನ ಬಹಳ ಉಪಕಾರಿ: ಬಿಸಿಗೆ ಮೇಣ ಹಿಗ್ಗಿ ಕಿಟಕಿಯನ್ನು ಎತ್ತುತ್ತದೆ, ತಣಿದಾಗ ಇಳಿಸುತ್ತದೆ, ವಿದ್ಯುತ್ತೇ ಬೇಕಿಲ್ಲ.

ರಾತ್ರಿಯ ಶಾಖಕ್ಕೆ ನೀರು ತುಂಬಿದ ಪೀಪಾಯಿಯೂ ಸಹಾಯ ಮಾಡುತ್ತದೆ. 100 ಲೀಟರ್ ನೀರು 5 ಡಿಗ್ರಿ ತಣಿಯುವಾಗ ಅರ್ಧ ಯೂನಿಟ್ ವಿದ್ಯುತ್ತಿಗಿಂತ ತುಸು ಹೆಚ್ಚಿನ ಶಾಖವನ್ನು ಬಿಟ್ಟುಕೊಡುತ್ತದೆ. ಅದರಿಂದ ಕಡುಚಳಿಯನ್ನು ತಡೆಯಲಾಗದು, ಆದರೆ ಬೆಳಗಿನ ಜಾವದ ಕೊನೆಯ ಇಳಿತವನ್ನು ಕೊಂಚ ತಗ್ಗಿಸಬಹುದು. ಸಸಿಗೆ ಹಾಕಲು ತಣ್ಣನೆಯ ನಲ್ಲಿ ನೀರಿಗಿಂತ ಆ ಪೀಪಾಯಿಯ ನೀರೇ ಒಳ್ಳೆಯದು. ನೆಟ್ಟ ಮೇಲೆ ಹವಾಮಾನ ವರದಿ ಹಿಮದ ಸೂಚನೆ ಕೊಟ್ಟರೆ, ಫ್ಲೀಸ್ ಎಂಬ ತೆಳುವಾದ ಬಿಳಿ ತೋಟಗಾರಿಕೆಯ ಬಟ್ಟೆಯನ್ನು ಸಂಜೆಯೇ ಹೊದಿಸಿ ಬೆಳಿಗ್ಗೆ ತೆಗೆಯಬೇಕು. ಚದರ ಮೀಟರಿಗೆ 17 ಗ್ರಾಂ ತೂಗುವ ಬಟ್ಟೆ ಸುಮಾರು 2 ಡಿಗ್ರಿಯ ರಕ್ಷಣೆ ಕೊಡುತ್ತದೆ, ಎರಡು ಪದರವಾದರೆ ಇನ್ನೂ ಹೆಚ್ಚು. ಮುಚ್ಚಿದ ಗಾಜಿನಮನೆಯಲ್ಲಿ ಸೀಮೆಎಣ್ಣೆಯ ಹೀಟರ್ ಹಚ್ಚುವುದನ್ನು ನಾನು ಒಪ್ಪುವುದಿಲ್ಲ. ಅದು ಸರಿಯಾಗಿ ಉರಿಯದಿದ್ದರೆ ಹೊರಬರುವ ಎಥಿಲೀನ್ ಅನಿಲ ಟೊಮೆಟೊ ಎಲೆಗಳನ್ನು ತಿರುಚುತ್ತದೆ, ಅದರಿಂದ ಹೆಚ್ಚುವ ತೇವ ಬೂದು ಬೂಸ್ಟಿಗೆ ದಾರಿ ಮಾಡಿಕೊಡುತ್ತದೆ.

ನಾಟಿಗೆ ಸರಿಯಾದ ಹದವನ್ನು ಸಸಿಯೇ ತೋರಿಸುತ್ತದೆ. ಮೊದಲ ಹೂಗೊಂಚಲಿನಲ್ಲಿ ಒಂದೆರಡು ಹಳದಿ ಮೊಗ್ಗು ಬಿರಿಯುವ ಹೊತ್ತಿಗೆ ಬೀಜದೆಲೆಗಳವರೆಗೆ ಮಣ್ಣಿನಲ್ಲಿ ಇಳಿಸಿ ನೆಡಬೇಕು. ಹೂತ ಕಾಂಡದಿಂದಲೂ ಬೇರು ಬರುತ್ತದೆ, ಉದ್ದವಾಗಿ ಬೆಳೆದ ಸಸಿಗೂ ಗಟ್ಟಿಯಾದ ಬುಡ ಸಿಗುತ್ತದೆ. ಕಸಿ ಸಸಿಯಾದರೆ ಮಾತ್ರ ಕಸಿಯ ಗಂಟು ಮಣ್ಣಿನಿಂದ ಮೇಲೇ ಇರಲಿ. ಒಂದೇ ಕಾಂಡವಾಗಿ ಬೆಳೆಸುವ ಮನಿಮೇಕರ್, ಏಲ್ಸಾ ಕ್ರೇಗ್‌ನಂಥ ತಳಿಗಳಿಗೆ ಗಿಡದಿಂದ ಗಿಡಕ್ಕೆ 45 ಸೆಂಟಿಮೀಟರ್ ಅಂತರ ಸಾಕು. ನೀರನ್ನು ಬೆಳಿಗ್ಗೆಯೇ ಬುಡಕ್ಕೆ ಹಾಕಬೇಕು, ಎಲೆ ಒದ್ದೆಯಾಗಿಯೇ ರಾತ್ರಿ ಕಳೆಯಬಾರದು. ಮೇ ತಿಂಗಳ ಗಾಜಿನಮನೆಗೆ ದುಂಬಿಗಳು ಬರುವುದು ಕಡಿಮೆ. ಆದ್ದರಿಂದ ಹೂ ಅರಳಿದ ದಿನಗಳಲ್ಲಿ, ಪರಾಗ ಒಣಗಿರುವ ಮಧ್ಯಾಹ್ನದ ಹೊತ್ತಿನಲ್ಲಿ, ಗೊಂಚಲಿನ ಹಿಂದಿನ ಕಾಂಡವನ್ನು ಬೆರಳಿನಿಂದ ಮೆಲ್ಲನೆ ತಟ್ಟಿದರೆ ಕಾಯಿ ಕಚ್ಚುತ್ತದೆ. ರಾತ್ರಿಯ ಉಷ್ಣತೆ 13 ಡಿಗ್ರಿಗಿಂತ ಕೆಳಗೇ ಉಳಿದ ವಾರದಲ್ಲಿ ಹೂ ಉದುರಿದರೆ ಗಾಬರಿಪಡಬೇಕಾಗಿಲ್ಲ, ಎರಡನೆಯ ಗೊಂಚಲಿನಿಂದ ಫಸಲು ಆರಂಭವಾಗುತ್ತದೆ. ನಮಸ್ಕಾರ.