ಹಳೆ ಲ್ಯಾಪ್‌ಟಾಪ್, ಅದರದೇ ವೇಗ

ನಮಸ್ಕಾರ. ಇವತ್ತು ಮೇಜಿನ ಮೇಲಿರುವುದು ತೊಂಬತ್ತರ ದಶಕದ ಕೊನೆಯ ಒಂದು ತೊಷಿಬಾ ಸ್ಯಾಟಲೈಟ್. 166 ಮೆಗಾಹರ್ಟ್ಸ್ ಪೆಂಟಿಯಂ ಎಂಎಂಎಕ್ಸ್, 32 ಎಂಬಿ ರ‍್ಯಾಮ್. ಬೆಂಗಳೂರಿನ ಎಸ್.ಪಿ. ರೋಡಿನ ಗುಜರಿ ಅಂಗಡಿಯೊಂದರಲ್ಲಿ ಸಿಕ್ಕಿತು. ಹೆಸರಿನ ಕೊನೆಯಲ್ಲಿ ಸಿಡಿಎಸ್ ಅಂತ ಇದೆ, ನೋಡಿ. ಸಿಡಿ ಅಂದರೆ ಸಿಡಿ ಡ್ರೈವ್ ಇದೆ ಎಂದು. ಕೊನೆಯ ಎಸ್ ಅಂದರೆ ಡ್ಯುಯಲ್ ಸ್ಕ್ಯಾನ್ ಪರದೆ. ಅಲ್ಲಿ ಟಿ ಇದ್ದಿದ್ದರೆ ಟಿಎಫ್‌ಟಿ ಎಂಬ ಚುರುಕಾದ ಪರದೆ ಇರುತ್ತಿತ್ತು, ಬೆಲೆಯೂ ಜಾಸ್ತಿ ಇರುತ್ತಿತ್ತು. ಈ ಒಂದು ಅಕ್ಷರ ಎಷ್ಟು ಮುಖ್ಯ ಅನ್ನೋದು ಆಟ ಹಾಕಿದಾಗ ಗೊತ್ತಾಗುತ್ತದೆ.

ಇಂಥ ಯಂತ್ರ ಕೈಗೆ ಬಂದ ಕೂಡಲೇ ಚಾರ್ಜರ್ ಸಿಕ್ಕಿಸಿ ಆನ್ ಮಾಡೋಣ ಅನ್ನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಬಿಚ್ಚಿ ನೋಡಿ. ಗಡಿಯಾರ ಮತ್ತು ಸೆಟ್ಟಿಂಗ್ ನೆನಪಿಡಲು ಒಳಗೆ ಚಿಕ್ಕ ಚಿಕ್ಕ ನಿಕ್ಕಲ್ ಬ್ಯಾಟರಿಗಳಿರುತ್ತವೆ. ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದರೆ ಅವು ಸೋರುತ್ತವೆ. ಇಲ್ಲಿ ಬೋರ್ಡಿನ ಅಂಚಿನಲ್ಲಿ ಹಸಿರು ಬಣ್ಣ ಕಾಣುತ್ತಿದೆಯಲ್ಲ, ಅದು ಆ ಸೋರಿಕೆ ತಾಮ್ರವನ್ನು ತಿಂದ ಗುರುತು. ಸೋರಿದ್ದು ಕ್ಷಾರ. ಹಾಗಾಗಿ ಹತ್ತಿಯಲ್ಲಿ ಸ್ವಲ್ಪ ವಿನೆಗರ್ ತೆಗೆದುಕೊಂಡು ಒರೆಸಿದೆ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಚೊಕ್ಕ ಮಾಡಿ ಒಣಗಲು ಬಿಟ್ಟೆ. ಅದೃಷ್ಟಕ್ಕೆ ತಂತಿಗೆರೆ ಯಾವುದೂ ತುಂಡಾಗಿರಲಿಲ್ಲ.

ಹಾರ್ಡ್ ಡಿಸ್ಕ್ ಜಾಗದಲ್ಲಿ ಈಗ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಇದೆ, ಹಳೆ ಕ್ಯಾಮೆರಾಗಳಿಗೆ ಹಾಕುತ್ತಿದ್ದೆವಲ್ಲ, ಅದೇ. ಈ ಕಾರ್ಡಿಗೆ ಐಡಿಇ, ಅಂದರೆ ಹಳೆ ಹಾರ್ಡ್ ಡಿಸ್ಕ್‌ಗಳು ಆಡುವ ಭಾಷೆ, ಹುಟ್ಟಿನಿಂದಲೇ ಬರುತ್ತದೆ. ಅದಕ್ಕೇ ಅಡಾಪ್ಟರ್ ತುಂಬಾ ಅಗ್ಗ. ಅದರಲ್ಲಿ ಒಂದು ಕಡೆಯ ಪಿನ್ನಿನಿಂದ ಇನ್ನೊಂದು ಕಡೆಯ ಪಿನ್ನಿಗೆ ಗೆರೆ ಎಳೆದದ್ದು ಬಿಟ್ಟರೆ ಹೆಚ್ಚೇನೂ ಇಲ್ಲ. ಕಾರ್ಡ್ ತೀರಾ ದೊಡ್ಡದು ಬೇಡ. ಆ ಕಾಲದ ಬಹಳಷ್ಟು ಬಯೋಸ್‌ಗಳು, ಅಂದರೆ ಯಂತ್ರವನ್ನು ಎಬ್ಬಿಸುವ ಒಳಗಿನ ಪ್ರೋಗ್ರಾಂಗಳು, 8.4 ಜಿಬಿ ದಾಟಿದರೆ ಗುರುತಿಸುವುದಿಲ್ಲ. ನಾನು 4 ಜಿಬಿ ಕಾರ್ಡಿನಲ್ಲಿ ವಿಂಡೋಸ್ 98ರ ಎರಡನೇ ಆವೃತ್ತಿ ಹಾಕಿದ್ದೇನೆ. ಇಂದಿನ ಕಂಪ್ಯೂಟರಿನಿಂದ ಫೈಲ್ ತರುವುದಕ್ಕೆ ಪಕ್ಕದ ಪಿಸಿಎಂಸಿಐಎ ಕಿಂಡಿಯಲ್ಲಿ ಇನ್ನೊಂದು ಕಾರ್ಡ್ ಹಾಕುತ್ತೇನೆ. ಪೆನ್‌ಡ್ರೈವ್ ಆದರೆ 98ಕ್ಕೆ ಬೇರೆ ಡ್ರೈವರ್ ಹುಡುಕಬೇಕು. ಇದಕ್ಕೆ ಅದೂ ಬೇಡ.

ಈಗ ಒಂದು ಪ್ರಶ್ನೆ. ವಿಂಡೋಸ್‌ಗಿಂತ ಹಿಂದಿನ ಡಾಸ್ ಕಾಲದ ಆಟಗಳನ್ನು ಇಂದಿನ ಕಂಪ್ಯೂಟರಿನಲ್ಲೇ ಓಡಿಸುವ ಡಾಸ್‌ಬಾಕ್ಸ್ ಎಂಬ ಪ್ರೋಗ್ರಾಂ ಇರುವಾಗ ಇಷ್ಟೆಲ್ಲ ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಆಟ ಆಡಬೇಕು ಅನ್ನುವವರಿಗೆ ಡಾಸ್‌ಬಾಕ್ಸ್ ಧಾರಾಳ ಸಾಕು, ಅದು ಅದ್ಭುತ ಕೆಲಸ. ಆದರೆ ಆ ಕಾಲದ ಸಾಫ್ಟ್‌ವೇರನ್ನು ಅರ್ಥ ಮಾಡಿಕೊಳ್ಳಬೇಕು ಅಂದರೆ ಅದು ಓಡಿದ ಯಂತ್ರ ಬೇಕೇ ಬೇಕು ಅನ್ನೋದು ನನ್ನ ನಂಬಿಕೆ. ಮೊದಲು ವೇಗದ ವಿಷಯ ನೋಡೋಣ.

ಇದು ಡಿಗ್ಗರ್. 1983ರ ಆಟ, ವಿಂಡ್‌ಮಿಲ್ ಸಾಫ್ಟ್‌ವೇರ್ ಅವರದು. ಮೊದಲ ಐಬಿಎಂ ಪಿಸಿಯ ವೇಗ ನೋಡಿಕೊಂಡು ಬರೆದದ್ದು. ಯಂತ್ರ ಎಷ್ಟು ಜೋರಾಗಿ ಓಡುತ್ತದೋ ಆಟವೂ ಅಷ್ಟೇ ಜೋರು. ಈ ಪೆಂಟಿಯಂನಲ್ಲೇ ಕೀ ಒತ್ತುವ ಮೊದಲು ಕಥೆ ಮುಗಿದಿರುತ್ತದೆ. ಅದಕ್ಕೆ ಸೆಟ್‌ಮಲ್ ಎಂಬ ಪುಟ್ಟ ಡಾಸ್ ಪ್ರೋಗ್ರಾಂ ಇದೆ. ಅದರಿಂದ ಪ್ರೊಸೆಸರಿನ ಒಳಗಿನ ಕ್ಯಾಶ್ ಮೆಮೊರಿಯನ್ನು ಆಫ್ ಮಾಡಬಹುದು. ಆಫ್ ಮಾಡಿದರೆ ಪ್ರತಿ ಸಣ್ಣ ವಿಷಯಕ್ಕೂ ಪ್ರೊಸೆಸರ್ ರ‍್ಯಾಮ್ ತನಕ ಹೋಗಿ ಬರಬೇಕು. ಪೆಂಟಿಯಂ ಹೋಗಿ ಹೆಚ್ಚೂ ಕಡಿಮೆ ಒಂದು 386, ಅಂದರೆ ಅದಕ್ಕಿಂತ ಎರಡು ತಲೆಮಾರು ಹಿಂದಿನ ಪ್ರೊಸೆಸರ್, ಆಗಿಬಿಡುತ್ತದೆ. ಡಿಗ್ಗರ್‌ಗೆ ಅದೂ ಜಾಸ್ತಿಯೇ. ಆದರೆ ತೊಂಬತ್ತರ ಆಸುಪಾಸಿನ ಆಟಗಳು ಈಗ ಸರಿಯಾಗಿ ಉಸಿರಾಡುತ್ತವೆ.

ಇದರ ಉಲ್ಟಾ ಕಥೆಯೂ ಇದೆ. ಟರ್ಬೊ ಪ್ಯಾಸ್ಕಲ್ 7 ಎಂಬ, ಪ್ರೋಗ್ರಾಂ ಬರೆಯುವ ಸಾಧನದಲ್ಲಿ ಬರೆದ ಎಷ್ಟೋ ಪ್ರೋಗ್ರಾಂಗಳು ಸುಮಾರು 200 ಮೆಗಾಹರ್ಟ್ಸ್ ದಾಟಿದ ಯಂತ್ರಗಳಲ್ಲಿ ಶುರುವಾಗುವುದೇ ಇಲ್ಲ. ರನ್‌ಟೈಮ್ ಎರರ್ 200 ಅಂತ ತೋರಿಸಿ ನಿಲ್ಲುತ್ತವೆ. ಆ ಪ್ರೋಗ್ರಾಂ ಶುರುವಾದಾಗ ಒಂದು ಖಾಲಿ ಲೂಪನ್ನು ಗಡಿಯಾರದ ಒಂದು ಟಿಕ್ ಹೊತ್ತು, ಅಂದರೆ ಸುಮಾರು 55 ಮಿಲಿಸೆಕೆಂಡ್, ಓಡಿಸಿ ನೋಡುತ್ತದೆ. ಎಷ್ಟು ಸುತ್ತು ಆಯಿತೋ ಅದನ್ನು 55ರಿಂದ ಭಾಗಿಸುತ್ತದೆ. ಯಂತ್ರ ವೇಗವಾಗಿದ್ದರೆ ಬರುವ ಉತ್ತರ 16 ಬಿಟ್‌ನಲ್ಲಿ ಹಿಡಿಸುವುದಿಲ್ಲ. ಪ್ರೊಸೆಸರ್ ಅದನ್ನು ಭಾಗಾಕಾರದ ತಪ್ಪು ಅಂತ ತಿಳಿಸುತ್ತದೆ. ತಮ್ಮ ಪ್ರೋಗ್ರಾಂ ಇಷ್ಟು ವರ್ಷ ಬದುಕುತ್ತದೆ, ಇಷ್ಟು ವೇಗದ ಯಂತ್ರದಲ್ಲಿ ಓಡುತ್ತದೆ ಅಂತ ಬರೆದವರು ಅಂದುಕೊಂಡಿರಲೇ ಇಲ್ಲ. ಈ 166ರಲ್ಲಿ ಅವು ತಕರಾರಿಲ್ಲದೆ ಏಳುತ್ತವೆ. ಈ ಮಾಡೆಲನ್ನೇ ಹುಡುಕಿ ತಂದದ್ದಕ್ಕೆ ಅದೂ ಒಂದು ಕಾರಣ.

ಇನ್ನು ಪರದೆ. ಪ್ರಿನ್ಸ್ ಆಫ್ ಪರ್ಷಿಯಾ ಹಾಕಿದ್ದೇನೆ. ಜೋರ್ಡನ್ ಮೆಕ್ನರ್ ತಮ್ಮ ತಮ್ಮನ ಓಟ, ಜಿಗಿತಗಳನ್ನು ವಿಡಿಯೋ ಮಾಡಿ, ಅದನ್ನು ನೋಡಿ ಒಂದೊಂದು ಭಂಗಿಯನ್ನೂ ಬಿಡಿಸಿದ ಆಟ. 1989ರಲ್ಲಿ ಆ್ಯಪಲ್ 2ಕ್ಕೆ ಬಂತು, ಮರುವರ್ಷ ಡಾಸ್‌ಗೆ. ಓಡುತ್ತಾ ಬಂದವನು ಅಂಚಿನಲ್ಲಿ ಕಾಲು ಜಾರಿಸಿ ನಿಲ್ಲುತ್ತಾನಲ್ಲ, ಅಲ್ಲಿ ನಿಧಾನಕ್ಕೆ ತೋರಿಸುತ್ತೇನೆ. ಈ ಡ್ಯುಯಲ್ ಸ್ಕ್ಯಾನ್ ಪರದೆಯಲ್ಲಿ ಚುಕ್ಕೆಗಳು ಬೇಗ ಬದಲಾಗುವುದಿಲ್ಲ. ಹಿಂದಿನ ಭಂಗಿ ಆರುವ ಮೊದಲೇ ಮುಂದಿನದು ಬರುತ್ತದೆ. ಬಿಳಿ ಬಟ್ಟೆಯ ಹಿಂದೆ ಮಸುಕಾದ ಇನ್ನೊಂದು ತೋಳು, ಇನ್ನೊಂದು ಕಾಲು. ನನಗೆ ಇದು ತುಂಬಾ ಇಷ್ಟ. ಡೂಮ್‌ನಲ್ಲಿ ಮಾತ್ರ ಇದೇ ಗುಣ ಕಾಟ ಕೊಡುತ್ತದೆ. 1993ರ ಆ ಆಟ ಸೆಕೆಂಡಿಗೆ 35 ಚಿತ್ರದವರೆಗೆ ತೋರಿಸಬಲ್ಲದು. ಗಬಕ್ಕನೆ ತಿರುಗಿದರೆ ಗೋಡೆಯೆಲ್ಲ ಕಲಸಿಹೋಗುತ್ತದೆ.

ಇನ್ನೊಂದು ಸಂಗತಿ. ಈ ಆಟಗಳ ಚಿತ್ರ 320ಕ್ಕೆ 200 ಚುಕ್ಕೆ. ಹಳೆ ಮಾನಿಟರ್‌ನಲ್ಲಿ ಅದು ಪರದೆ ತುಂಬಾ ಬರುತ್ತಿತ್ತು, ಹಾಗಾಗಿ ಒಂದೊಂದು ಚುಕ್ಕೆಯೂ ಕೊಂಚ ಉದ್ದಕ್ಕೆ ಇರುತ್ತಿತ್ತು. ಇಲ್ಲಿ ಹಾಗೇ ಬಿಟ್ಟರೆ ಸುತ್ತ ಕಪ್ಪು ಅಂಚು ಉಳಿಯುತ್ತದೆ, ರಾಜಕುಮಾರ ಕುಳ್ಳಗೆ ಕಾಣುತ್ತಾನೆ. ಲ್ಯಾಪ್‌ಟಾಪಿನ ಸೆಟಪ್‌ನಲ್ಲಿ ಸ್ಟ್ರೆಚ್ ಆನ್ ಮಾಡಿದರೆ ಆಕಾರ ಸರಿಹೋಗುತ್ತದೆ, ಆದರೆ ಕೆಲವು ಚುಕ್ಕೆ ದಪ್ಪ, ಕೆಲವು ಸಣ್ಣ. ನಾನು ಆನ್ ಮಾಡಿಯೇ ಆಡುತ್ತೇನೆ.

ಸದ್ದಿನ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಆಟದ ಸೆಟಪ್ ಕೇಳಿದಾಗ ಸೌಂಡ್ ಬ್ಲಾಸ್ಟರ್ ಎಂಬ ಸೌಂಡ್ ಕಾರ್ಡಿನ ಹೆಸರು ಆರಿಸಿ, ಪೋರ್ಟ್ 220, ಐಆರ್‌ಕ್ಯೂ 5, ಡಿಎಂಎ 1 ಕೊಡಿ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಇಷ್ಟಕ್ಕೇ ಹಾಡುತ್ತದೆ.

ಈಗ ನನಗೆ ಎಲ್ಲಕ್ಕಿಂತ ಬೇಕಾದ ಭಾಗ. ಈ ಯಂತ್ರದಲ್ಲಿ ಕನ್ನಡ ಟೈಪ್ ಮಾಡುವ ಪ್ರೋಗ್ರಾಂಗಳಾದ ನುಡಿ ಇದೆ, ಬರಹ ಇದೆ, ಎರಡರದ್ದೂ ಹಳೆಯ ಆವೃತ್ತಿ. ಬರಹವನ್ನು ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದರು. ನುಡಿ ಕನ್ನಡ ಗಣಕ ಪರಿಷತ್ತಿನದು, ಅದರ ಕೀಲಿಮಣೆಯ ವಿನ್ಯಾಸ ಕೆ.ಪಿ. ರಾವ್ ಅವರದು. ಪ್ರತಿ ಲಿಪಿಯ ಅಕ್ಷರಗಳಿಗೂ ಅವುಗಳದೇ ಸಂಕೇತ ಕೊಡುವ ಪದ್ಧತಿ ಯೂನಿಕೋಡ್. ವಿಂಡೋಸ್ 98ಕ್ಕೆ ಯೂನಿಕೋಡ್ ಕನ್ನಡ ಗೊತ್ತಿರಲಿಲ್ಲ. ಮೈಕ್ರೋಸಾಫ್ಟ್‌ನ ತುಂಗಾ ಫಾಂಟ್ ಬಂದದ್ದು ಎಕ್ಸ್‌ಪಿ ಜೊತೆಗೆ. ಅಲ್ಲಿಯ ತನಕ ನಾವು ಟೈಪ್ ಮಾಡಿದ್ದೆಲ್ಲ ಫಾಂಟಿನ ಆಸರೆಯಲ್ಲಿ ನಿಂತಿತ್ತು. ಫೈಲಿನ ಒಳಗೆ ಇದ್ದದ್ದು ರೋಮನ್ ಲಿಪಿಯ ಸಂಕೇತಗಳು, ಫಾಂಟ್ ಅವುಗಳ ಮೇಲೆ ಕನ್ನಡದ ಆಕಾರ ತೊಡಿಸುತ್ತಿತ್ತು. ಫಾಂಟ್ ಇಲ್ಲ ಅಂದರೆ ಪುಟ ತುಂಬಾ ಅರ್ಥವಿಲ್ಲದ ಚಿಹ್ನೆಗಳು.

ನಮ್ಮೂರಿನ ಮೇಷ್ಟ್ರೊಬ್ಬರು ಊರಿನ ಹೆಂಗಸರು ಹೇಳುವ ಬೀಸುವ ಪದ, ಸೋಬಾನೆ ಪದಗಳನ್ನೆಲ್ಲ ನುಡಿಯಲ್ಲಿ ಟೈಪ್ ಮಾಡಿ ಫ್ಲಾಪಿಯಲ್ಲಿ ಇಟ್ಟಿದ್ದರು. ಅದನ್ನು ಇಲ್ಲಿ ತೆರೆದೆ. ಪದ, ಅದರ ಕೆಳಗೆ ಹಾಡಿದವರ ಹೆಸರು, ಅಂಚಿನಲ್ಲಿ ಬಿಟ್ಟ ಜಾಗ, ಎಲ್ಲ ಅವರು ಇಟ್ಟ ಹಾಗೇ ಇದೆ. ಯೂನಿಕೋಡ್‌ಗೆ ಬದಲಾಯಿಸುವ ಪ್ರೋಗ್ರಾಂಗಳು ಈಗ ಇವೆ, ನಾನೂ ಬಳಸಿದೆ. ಆದರೆ ಅರ್ಕಾವತ್ತು ಬಂದಲ್ಲಿ ಕಣ್ಣಿಟ್ಟು ನೋಡಬೇಕು. ಕರ್ಣ ಅಂತ ಬರೆದರೆ ಹಳೆ ಫೈಲಿನಲ್ಲಿ ಆ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೇ ಣ ಆದಮೇಲೆ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ಮೊದಲು ರಕಾರ, ಆಮೇಲೆ ಣ. ಜಾಗ ಅದಲು ಬದಲಾಗುವಾಗ ಒತ್ತಕ್ಷರವೂ ಸೇರಿಕೊಂಡರೆ ಎಡವಟ್ಟಾಗುವುದು ಅಲ್ಲೇ. ಮೇಷ್ಟ್ರು ಏನು ಬರೆದಿದ್ದರು ಅಂತ ಹೇಳಲು ಸಾಕ್ಷಿ ಬೇಕು. ಈ ಪರದೆಯೇ ಸಾಕ್ಷಿ. ಪಕ್ಕದಲ್ಲಿ ಹೊಸ ಲ್ಯಾಪ್‌ಟಾಪ್ ಇಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡುತ್ತಿದ್ದೇನೆ. ಗ್ರಾಮ್ಯ ಪದಗಳಾದ್ದರಿಂದ ನಿಘಂಟು ನೋಡಿ ತಿದ್ದುವ ಹಾಗೂ ಇಲ್ಲ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಫ್ಲಾಪಿಗಳಿರಬಹುದು. ಸಿಕ್ಕರೆ ಮೊದಲು ಮೂಲೆಯ ಚಿಕ್ಕ ಗುಂಡಿ ಸರಿಸಿ ಕಿಂಡಿ ತೆರೆದಿಡಿ, ಆಗ ಅದರ ಮೇಲೆ ಯಾರೂ ಬರೆಯಲು ಆಗುವುದಿಲ್ಲ. ಆಮೇಲೆ ಲೋಹದ ಮುಚ್ಚಳ ಸರಿಸಿ ಒಳಗಿನ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಮಲೆನಾಡು, ಕರಾವಳಿ ಕಡೆಯವರು ಇದನ್ನು ತಪ್ಪಿಸಲೇಬೇಡಿ. ಬೂಷ್ಟು ಹಿಡಿದಿದ್ದರೆ ಡ್ರೈವಿಗೆ ಹಾಕಬೇಡಿ, ಫ್ಲಾಪಿ ಮತ್ತು ಡ್ರೈವಿನ ಹೆಡ್ ಎರಡೂ ಹಾಳಾಗುತ್ತವೆ. ಚೊಕ್ಕ ಇದ್ದರೆ ಮೊದಲು ಇಡೀ ಫ್ಲಾಪಿಯ ಇಮೇಜ್, ಅಂದರೆ ಒಂದೇ ಫೈಲಿನಲ್ಲಿ ಅದರ ಪೂರ್ತಿ ನಕಲು, ತೆಗೆದುಕೊಳ್ಳಿ, ಮಿಕ್ಕ ಕೆಲಸವೆಲ್ಲ ಆ ಇಮೇಜಿನ ಮೇಲೆ ಮಾಡಿ. ಬೂಷ್ಟು ಹಿಡಿದ ಫ್ಲಾಪಿಯನ್ನು ಬಿಚ್ಚಿ ತೊಳೆಯುವುದು ಹೇಗೆ ಅಂತ ಮುಂದಿನ ವಿಡಿಯೋದಲ್ಲಿ ತೋರಿಸುತ್ತೇನೆ. ಮೇಷ್ಟ್ರ ಡಬ್ಬಿಯಲ್ಲಿ ಅಂಥವೂ ಕೆಲವು ಇವೆ.