ಬೇಸಿಗೆಯ ಕೋಟಿನ ಒಳಮಗ್ಗುಲು

ಸ್ನೇಹಿತರೆ,

ನಮ್ಮಲ್ಲಿ ಮದುವೆಗಳು ಸಾಲುಗಟ್ಟುವುದೇ ಏಪ್ರಿಲ್, ಮೇ ತಿಂಗಳಲ್ಲಿ. ಕಲಬುರಗಿಯಲ್ಲಿ 40 ಡಿಗ್ರಿ ಬಿಸಿಲು, ಮಂಗಳೂರಿನಲ್ಲಿ ಮೈಗಂಟುವ ಸೆಕೆ. ಆರತಕ್ಷತೆಗೆ ಬಂದವರೆಲ್ಲ ಬೀಸಣಿಗೆ ಹುಡುಕುತ್ತಿದ್ದರೆ, ವೇದಿಕೆಯ ಮೇಲಿನ ಹುಡುಗ ಕೋಟಿನೊಳಗೆ ಬೆಂದು ಹೋಗಿರುತ್ತಾನೆ. ಬಟ್ಟೆ ತೆಳುವಾಗಿದ್ದರೆ ಸಾಕು, ಕೋಟು ತಂಪಾಗಿರುತ್ತದೆ ಎಂದು ಎಲ್ಲರೂ ನಂಬಿದ್ದೇವೆ. ಹೊಲಿಗೆ ಕಲಿಯುತ್ತಿರುವ ನೀವು ಆ ನಂಬಿಕೆಯನ್ನು ಬಿಡಬೇಕು. ಬಟ್ಟೆಯ ತೂಕಕ್ಕಿಂತ ಅದರ ನೇಯ್ಗೆ ದೊಡ್ಡದು. ನೇಯ್ಗೆಗಿಂತಲೂ ಮುಖ್ಯವಾದದ್ದು, ಕೋಟಿನ ಒಳಗೆ ನಾವು ಏನೇನು ತುಂಬುತ್ತೇವೆ ಎಂಬುದು.

ಇವತ್ತಿನ ಮಾತು ಸ್ಪೋರ್ಟ್ ಕೋಟಿನದು. ಸ್ಪೋರ್ಟ್ ಕೋಟ್ ಎಂದರೆ ಪ್ಯಾಂಟಿಗೆ ಜೋಡಿಯಾಗಿ ಒಂದೇ ಬಟ್ಟೆಯಲ್ಲಿ ಹೊಲಿಯದ, ಬಿಡಿಯಾಗಿ ತೊಡುವ ಕೋಟು. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಬೇಟೆಗೆ ಹೋಗುವವರು ತೊಡುತ್ತಿದ್ದ ಟ್ವೀಡ್ ಎಂಬ ದಪ್ಪ ಉಣ್ಣೆಬಟ್ಟೆಯ ಕೋಟು ಇದರ ಮೂಲ. ಚಳಿಯ ಉಡುಪು. ಅದನ್ನು ಬಿಸಿಲಿಗೆ ಒಗ್ಗಿಸಿದವರಲ್ಲಿ ನನಗೆ ಅತ್ಯಂತ ಪ್ರಿಯರು ನೇಪಲ್ಸಿನ ದರ್ಜಿಗಳು.

ದಕ್ಷಿಣ ಇಟಲಿಯ ಆ ಬಂದರು ನಗರದಲ್ಲಿ 1930ರ ದಶಕದಲ್ಲಿ ಜೆನ್ನಾರೊ ರುಬಿನಾಚಿ ‘ಲಂಡನ್ ಹೌಸ್’ ಎಂಬ ಅಂಗಡಿ ತೆರೆದರು. ಅಲ್ಲಿಯ ಸಿರಿವಂತರಿಗೆ ಆಗ ಇಂಗ್ಲಿಷ್ ಉಡುಪೇ ಮಾದರಿ. ಆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕಟರ್ ಆಗಿದ್ದ ವಿನ್ಚೆಂಜೊ ಅಟ್ಟೊಲಿನಿ ಇಂಗ್ಲಿಷ್ ಕೋಟನ್ನು ಬಿಚ್ಚಿ ಹಗುರಗೊಳಿಸಿದರು. ಹೆಗಲಿನ ಪ್ಯಾಡ್ ಹೋಯಿತು, ಅಸ್ತರು ಎನ್ನುವ ಒಳಬಟ್ಟೆ ಕಡಿಮೆಯಾಯಿತು, ಎದೆಗೆ ಆಕಾರ ಕೊಡಲು ಒಳಗಿಡುವ ಗಟ್ಟಿ ಕ್ಯಾನ್ವಾಸಿನ ಜಾಗಕ್ಕೆ ಮೆತ್ತನೆಯದು ಬಂತು.

ಇಲ್ಲಿ ಮೇಜಿನ ಮೇಲಿರುವ ಕೋಟಿನ ಹೆಗಲನ್ನು ನೋಡಿ. ಇದು ನೇಪಲ್ಸಿನ ಪದ್ಧತಿಯಲ್ಲಿ ಹೊಲಿದದ್ದು. ತೋಳಿನ ಮೇಲ್ಭಾಗವನ್ನು ಆರ್ಮ್‌ಹೋಲ್‌ಗಿಂತ, ಅಂದರೆ ತೋಳು ಕೂರಿಸುವ ತೆರಪಿಗಿಂತ ಅಗಲವಾಗಿ ಕತ್ತರಿಸಿದ್ದಾರೆ. ಆ ಹೆಚ್ಚುವರಿ ಬಟ್ಟೆಯನ್ನು ಕೈಸೂಜಿಯಲ್ಲಿ ಇಷ್ಟಿಷ್ಟೇ ಒಳಗೆಳೆದುಕೊಂಡು ಕೂರಿಸಿರುವುದರಿಂದ ಹೆಗಲ ತುದಿಯಲ್ಲಿ ಸಣ್ಣ ಸಣ್ಣ ನಿರಿಗೆ ಬಿದ್ದಿದೆ. ನಮ್ಮಲ್ಲಿ ಇದನ್ನು ಕಂಡರೆ ಹೊಲಿಗೆ ಕೆಟ್ಟಿದೆ ಎಂದು ವಾಪಸ್ ಕೊಡುತ್ತಾರೆ. ಅಲ್ಲಿ ಇದೇ ಕಸುಬಿನ ಹೆಗ್ಗುರುತು. ಆರ್ಮ್‌ಹೋಲ್ ಚಿಕ್ಕದು, ಕಂಕುಳಿಗೆ ಹತ್ತಿರ. ಹಾಗಾಗಿ ಕೈ ಎತ್ತಿದರೆ ತೋಳು ಮಾತ್ರ ಮೇಲೇಳುತ್ತದೆ, ಇಡೀ ಕೋಟು ಏಳುವುದಿಲ್ಲ. ಒಳಗೆ ಪ್ಯಾಡ್ ಇಲ್ಲದ್ದರಿಂದ ಹೆಗಲಿನ ಬೆವರಿಗೆ ಗಾಳಿ ತಾಗುತ್ತದೆ.

ಈಗ ಕೋಟಿನ ಒಳಮಗ್ಗುಲು ತಿರುಗಿಸುತ್ತೇನೆ. ಅಸ್ತರು ಇರುವುದು ತೋಳಿಗೆ ಮತ್ತು ಬೆನ್ನಿನ ಮೇಲ್ಭಾಗಕ್ಕೆ ಮಾತ್ರ. ತೋಳಿಗೆ ಬೇಕೇ ಬೇಕು, ಇಲ್ಲದಿದ್ದರೆ ಶರ್ಟಿನ ಮೇಲೆ ಜಾರುವುದಿಲ್ಲ. ಉಳಿದ ಕಡೆ ಬಟ್ಟೆಯ ಅಂಚುಗಳನ್ನೆಲ್ಲ ಓರೆಪಟ್ಟಿಯಿಂದ ಮುಚ್ಚಿ ಹೊಲಿದಿದ್ದಾರೆ. “ಅಸ್ತರೇ ಇಲ್ಲ, ಮತ್ತೆ ಮಜೂರಿ ಯಾಕಪ್ಪಾ ಜಾಸ್ತಿ?” ಎಂದು ಗಿರಾಕಿ ಕೇಳಿಯೇ ಕೇಳುತ್ತಾರೆ. ಈ ಅಂಚುಗಳನ್ನು ತೋರಿಸಿ. ಪೂರ್ತಿ ಅಸ್ತರು ಹಾಕಿದರೆ ಒಳಗಿನ ಒರಟು ಕೆಲಸವೆಲ್ಲ ಮುಚ್ಚಿಹೋಗುತ್ತದೆ. ಅಸ್ತರಿಲ್ಲದ ಕೋಟಿನಲ್ಲಿ ಒಂದು ಹೊಲಿಗೆಯನ್ನೂ ಬಚ್ಚಿಡಲಾಗದು.

ನಮ್ಮ ಅಂಗಡಿಗಳ ಸಾಮಾನ್ಯ ಕೋಟಿನಲ್ಲಿ ಪಾಲಿಯೆಸ್ಟರ್ ಅಸ್ತರು, ಎದೆಯುದ್ದಕ್ಕೂ ಅಂಟಿಸಿದ ಪೇಸ್ಟಿಂಗ್ ಎಂಬ ಗಟ್ಟಿ ಪದರ ಇರುತ್ತದೆ. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ, ಅಂಟಿನ ಪದರ ಗಾಳಿಗೆ ಅಡ್ಡ. ಹೊರಗಿನ ಬಟ್ಟೆ ಎಷ್ಟು ತೆಳುವಾದರೇನು? ಅಸ್ತರು ಬೇಕೇ ಇದ್ದರೆ ಹತ್ತಿಬೀಜದ ಮೇಲೆ ಉಳಿಯುವ ಕಿರುನಾರಿನಿಂದ ಮಾಡುವ ಕುಪ್ರೊ ಎಂಬ ಬಟ್ಟೆ ಹಾಕಿ. ಜೇಬು ಹೊರಗಿನಿಂದ ಹಚ್ಚುವ ಪ್ಯಾಚ್ ಪಾಕೆಟ್ ಆಗಿರಲಿ, ಒಳಚೀಲದ ಪದರವೇ ಬೇಕಾಗುವುದಿಲ್ಲ.

ಬಟ್ಟೆಗೆ ಬಂದರೆ, ಫ್ರೆಸ್ಕೊ ಎಂಬ ಉಣ್ಣೆಬಟ್ಟೆಯನ್ನು ಮೊದಲು ಹೇಳಬೇಕು. 1907ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನ ಮಾರ್ಟಿನ್ ಸನ್ಸ್ ಗಿರಣಿ ಈ ಹೆಸರನ್ನು ನೋಂದಾಯಿಸಿತು. ಎಳೆಗಳನ್ನು ಬಿಗಿಯಾಗಿ ಹುರಿಗೊಳಿಸಿ, ಸಾದಾ ನೇಯ್ಗೆಯಲ್ಲಿ ಬಿಡಿಬಿಡಿಯಾಗಿ ನೇಯ್ದದ್ದು. ಬೆಳಕಿಗೆ ಹಿಡಿದರೆ ಜರಡಿಯಂತೆ ಕಾಣುತ್ತದೆ. ಕೈಯಲ್ಲಿ ಮುದುಡಿ ಬಿಟ್ಟರೆ ಸುಕ್ಕಿಲ್ಲದೆ ಬಿಚ್ಚಿಕೊಳ್ಳುತ್ತದೆ. ಬೇಸಿಗೆಗೆ ಉಣ್ಣೆಯೇ ಎಂದು ಹುಬ್ಬೇರಿಸಬೇಡಿ. ಒತ್ತಾಗಿ ನೇಯ್ದ ತೆಳು ಪಾಲಿಯೆಸ್ಟರಿಗಿಂತ ಇದು ಎಷ್ಟೋ ತಂಪು.

ಸಿಯರ್‌ಸಕರ್ ಅಮೆರಿಕದ ದಕ್ಷಿಣದವರ ಮೆಚ್ಚಿನ ಬಟ್ಟೆ. ನ್ಯೂ ಆರ್ಲಿಯನ್ಸಿನಲ್ಲಿ 1909ರಲ್ಲಿ ವ್ಯಾಪಾರ ಆರಂಭಿಸಿದ ಜೋಸೆಫ್ ಹ್ಯಾಸ್ಪೆಲ್ ಈ ಹತ್ತಿಬಟ್ಟೆಯ ಸೂಟುಗಳಿಂದಲೇ ಹೆಸರಾದರು. ಮಗ್ಗದಲ್ಲಿ ಹಾಸಿನ, ಅಂದರೆ ಉದ್ದಕ್ಕೆ ಹೋಗುವ ಎಳೆಗಳ ಒಂದು ಪಟ್ಟಿಯನ್ನು ಬಿಗಿಯಾಗಿ, ಪಕ್ಕದ ಪಟ್ಟಿಯನ್ನು ಸಡಿಲವಾಗಿ ಬಿಡುತ್ತಾರೆ. ನೇಯ್ದ ಮೇಲೆ ಸಡಿಲ ಪಟ್ಟಿ ಉಬ್ಬಿ ಸುಕ್ಕಾಗುತ್ತದೆ, ಬಟ್ಟೆ ಮೈಗೆ ಅಂಟದೆ ನಿಲ್ಲುತ್ತದೆ. ಇಸ್ತ್ರಿಯ ಗೊಡವೆಯೂ ಇಲ್ಲ.

ಲಿನನ್ ಸುಕ್ಕಾಗುತ್ತದೆ, ಅದು ಅದರ ಗುಣ. ತೀರಾ ತೆಳುವಾದದ್ದು ಕೊಳ್ಳಬೇಡಿ. ಸ್ವಲ್ಪ ದಪ್ಪ ಲಿನನ್ ಸುಕ್ಕಾದರೂ ಆಕಾರ ಬಿಡದು. ನಮ್ಮ ಕೈನೂಲಿನ ದಪ್ಪ ಖಾದಿಯಲ್ಲೂ ಒಳ್ಳೆಯ ಕೋಟು ಆಗುತ್ತದೆ, ದರ್ಜಿಗಳು ಅದನ್ನು ಇನ್ನಷ್ಟು ಧೈರ್ಯವಾಗಿ ಕೈಗೆತ್ತಿಕೊಳ್ಳಬೇಕು ಎನ್ನುವುದು ನನ್ನ ಆಸೆ. ಕತ್ತರಿಸುವ ಮುಂಚೆ ಮಾತ್ರ ಖಾದಿ, ಲಿನನ್ ಎರಡನ್ನೂ ನೀರಿನಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ. ಹೊಲಿದ ಮೇಲೆ ಕುಗ್ಗಿದರೆ ಬಿಚ್ಚಿ ಸರಿಮಾಡಲಾಗದು.

ಮೇಜಿನ ಮೇಲೆ ಪೇಸ್ಟಿಂಗ್ ಹಾಕಿದ ಕೋಟೂ ಒಂದಿದೆ. ಬನ್ನಿ, ಎರಡನ್ನೂ ತೊಟ್ಟು ನೋಡಿ, ಒಳಗೆ ಕೈಯಿಟ್ಟು ನೋಡಿ, ಆಮೇಲೆ ಪ್ರಶ್ನೆ ಕೇಳಿ.